ಹರ್ಸಿಲ್‌ನ ವಿಲ್ಸನ್: ವರ್ಷಕ್ಕೆ 400 ರೂಪಾಯಿಗೆ ಕಾಡು ಗುತ್ತಿಗೆ ಹಿಡಿದವನ ಕಥೆ ಯಾರಿಗಾದ್ರೂ ಗೊತ್ತಾ?

ತುಂಗಾತೀರ:
ಅಮ್ಮನನ್ನು ಕರೆದುಕೊಂಡು ಗಂಗೋತ್ರಿಗೆ ಹೋಗಿ ಬಂದೆ. ದೇವಸ್ಥಾನಕ್ಕೆ ಇನ್ನೂ 25 ಕಿ.ಮೀ. ಇರುವಾಗ ಹರ್ಸಿಲ್ ಅಂತ ಊರು ಸಿಗುತ್ತದೆ. ಸುತ್ತ ದೇವದಾರು ಕಾಡು, ಕೆಳಗೆ ಭಾಗೀರಥಿ, ಒಂದು ಕಡೆ ಮಿಲಿಟರಿ ಕ್ಯಾಂಪ್, ಇನ್ನೊಂದು ಕಡೆ ಸೇಬಿನ ತೋಟ. ಚಹಾ ಕುಡಿಯಲು ನಿಂತಾಗ ಡ್ರೈವರ್ ಸೇಬಿನ ಗಿಡ ತೋರಿಸಿ, "ಇದು ವಿಲ್ಸನ್ ಸಾಹೇಬ ತಂದದ್ದು. ಇಲ್ಲಿ ಸಿಗುವ ರಾಜ್ಮಾ ಕೂಡ ಅವನೇ ತಂದದ್ದು. ಅವನು ಇಲ್ಲಿನ ರಾಜನಾಗಿದ್ದ" ಅಂದ. ಯಾವ ರಾಜ ಅಂತ ಕೇಳಿದರೆ, "ಮರ ಕಡಿಯುವ ರಾಜ" ಅಂತ ನಕ್ಕ.

ಆಮೇಲೆ ಅಲ್ಲಿ ಇಲ್ಲಿ ಓದಿದೆ. ಇಂಗ್ಲೆಂಡಿನ ಯಾರ್ಕ್‌ಶೈರ್‌ನ ವೇಕ್‌ಫೀಲ್ಡ್‌ನಲ್ಲಿ 1817ರಲ್ಲಿ ಹುಟ್ಟಿದ ಫ್ರೆಡರಿಕ್ ವಿಲ್ಸನ್. ಸಿಪಾಯಿಯಾಗಿ ಬಂದವನು, ಬೆಟ್ಟ ಹತ್ತಿ ಬೇಟೆಗಾರನಾದ, ಚರ್ಮ ಮತ್ತು ಕಸ್ತೂರಿ ಮಾರಿದ. 1850ರಲ್ಲಿ ಟಿಹರಿ ಗಢವಾಲದ ರಾಜನಿಂದ ವರ್ಷಕ್ಕೆ 400 ರೂಪಾಯಿಗೆ ಕಾಡು ಗುತ್ತಿಗೆ ಹಿಡಿದ. ಅಲ್ಲಿಂದ ಮುಂದೆ ಅವನನ್ನು ಹಿಡಿಯುವವರೇ ಇಲ್ಲ. ಬಂಗಲೆ, ತೂಗುಸೇತುವೆ, ತನ್ನದೇ ಹೆಸರಿನ ಟೋಕನ್ ನಾಣ್ಯ!

ನನಗೆ ಅರ್ಥ ಆಗದ್ದು ಒಂದೇ. ಅಷ್ಟು ಎತ್ತರದಲ್ಲಿ, ರಸ್ತೆಯೇ ಇಲ್ಲದ ಕಾಲದಲ್ಲಿ, ಮರ ಕಡಿದು ಏನು ಮಾಡಿದ? ಹೊತ್ತು ತಂದವರು ಯಾರು? ಕೊಂಡವರು ಯಾರು? ಬಲ್ಲವರು ಹೇಳಿ.

ಸುಮ್ನೆಓದುಗ:
400 ರೂಪಾಯಿಗೆ ಕಾಡು. ನಾನು ನಿನ್ನೆ ಒಂದು ಪ್ಲೈವುಡ್ ಶೀಟಿಗೆ ಅದಕ್ಕಿಂತ ಜಾಸ್ತಿ ಕೊಟ್ಟು ಬಂದೆ.

ಹಳೇಫೌಜಿ:
ಹರ್ಸಿಲ್ ಹೆಸರು ಕೇಳಿ ಖುಷಿಯಾಯಿತು. ಆ ಕಡೆ ಎರಡು ಚಳಿಗಾಲ ಕಳೆದಿದ್ದೇನೆ. ಎತ್ತರ ಸುಮಾರು 2,600 ಮೀಟರ್. ಜನವರಿಯಲ್ಲಿ ಬೆಳಿಗ್ಗೆ ಬಕೆಟ್ಟಿನ ನೀರು ಒಡೆಯಲು ಕಲ್ಲು ಬೇಕು.

ಹೊತ್ತವರು ಯಾರು ಅಂದ್ರಲ್ಲ, ಹೊತ್ತದ್ದು ನದಿ. ಹರ್ಸಿಲ್‌ನಲ್ಲಿ ಭಾಗೀರಥಿ ಅಗಲವಾಗಿ, ಸ್ವಲ್ಪ ಸಾವಧಾನವಾಗಿ ಹರಿಯುತ್ತದೆ. ಬೆಟ್ಟದ ಓರೆಯಲ್ಲಿ ಮರ ಕಡಿದು ಜಾರಿಸಿದರೆ ನೀರಿಗೇ ಬಂದು ಬೀಳುತ್ತದೆ. ಅಲ್ಲಿಂದ ಹರಿದ್ವಾರ ಸುಮಾರು 250 ಕಿ.ಮೀ. ಎತ್ತಿನ ಗಾಡಿ ಬೇಡ, ಹೇಸರಗತ್ತೆ ಬೇಡ. ಈಗ ಬಿಟ್ಟರೆ ಮಾತ್ರ ಮನೇರಿ ಅಣೆಕಟ್ಟಿಗೇ ಹೋಗಿ ಡಿಕ್ಕಿ ಹೊಡೆದು ನಿಲ್ಲುತ್ತವೆ.

ಆ ಮರದ ಬಗ್ಗೆ ಒಂದು ಮಾತು. ಅಲ್ಲಿನ ಹಳೇ ಮನೆಗಳಲ್ಲಿ ಕಂಬ, ಹಲಗೆ, ಬಾಗಿಲು ಎಲ್ಲ ದೇವದಾರು. ಒಳಗೆ ಹೋದರೆ ಒಂಥರಾ ಎಣ್ಣೆ ವಾಸನೆ, ಪೆನ್ಸಿಲ್ ಕೆತ್ತಿದ ಹಾಗೆ. ಆ ಎಣ್ಣೆಯಿಂದಲೇ ಗೆದ್ದಲು ಹತ್ತಿರ ಬರುವುದಿಲ್ಲ. ಬಣ್ಣ ಬಳಿಯದ ಹಲಗೆ ನೂರು ವರ್ಷ ಹಿಮ ತಿಂದು ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಉಗುರಿನಿಂದ ಕೆರೆದರೆ ಒಳಗೆ ಮತ್ತೆ ಕೆಂಪು, ಮತ್ತೆ ಅದೇ ವಾಸನೆ.

ಮೇಷ್ಟ್ರು64:
ಸ್ವಲ್ಪ ಉದ್ದ ಬರೆಯುತ್ತೇನೆ, ನಿವೃತ್ತ ಮೇಷ್ಟ್ರಿಗೆ ಬೇರೆ ಕೆಲಸ ಏನಿದೆ.

ಮೊದಲು ರಾಜನ ಕಡೆಯಿಂದ ನೋಡಿ. ಗೂರ್ಖರು ಗಢವಾಲವನ್ನು ಗೆದ್ದುಕೊಂಡಿದ್ದರು. 1815ರಲ್ಲಿ ಇಂಗ್ಲಿಷರು ಅವರನ್ನು ಓಡಿಸಿ, ಪೂರ್ವದ ಅರ್ಧವನ್ನು ತಾವಿಟ್ಟುಕೊಂಡು, ಪಶ್ಚಿಮದ ಅರ್ಧವನ್ನು ಸುದರ್ಶನ ಶಾಹನಿಗೆ ಕೊಟ್ಟರು. ಹಳೇ ರಾಜಧಾನಿ ಶ್ರೀನಗರ (ಗಢವಾಲದ್ದು, ಕಾಶ್ಮೀರದ್ದಲ್ಲ) ಕೈತಪ್ಪಿತು. ಅವನು ಭಾಗೀರಥಿ ಮತ್ತು ಭಿಲಂಗನಾ ಸೇರುವ ಕಡೆ ಟಿಹರಿ ಕಟ್ಟಿಕೊಂಡ. ಖಜಾನೆ ತೆಳ್ಳಗಿತ್ತು. ಹೊಲ ಕಡಿಮೆ, ಕಾಡು ಜಾಸ್ತಿ. ಕಾಡಿನಿಂದ ದೊಡ್ಡ ಕಂದಾಯ ಬರುತ್ತದೆ ಅನ್ನುವ ಯೋಚನೆ ಆಗ ಅಲ್ಲಿ ಇರಲಿಲ್ಲ. ಅಂಥವನ ಮುಂದೆ ಒಬ್ಬ ಬಂದು "ನಿಮ್ಮ ಮರಕ್ಕೆ ವರ್ಷಕ್ಕೆ 400 ಕೊಡುತ್ತೇನೆ" ಅಂದರೆ ಅದು ರಾಜನ ಕಣ್ಣಿಗೆ ಪುಕ್ಕಟೆ ಬಂದ ದುಡ್ಡು.

ಈಗ ವಿಲ್ಸನ್ ಕಡೆಯಿಂದ. ಅವನು ಸೈನ್ಯ ಬಿಟ್ಟ ಬಗೆ ಬೇರೆ ಬೇರೆ ಬಾಯಲ್ಲಿ ಬೇರೆ ಬೇರೆ ಥರ ಇದೆ. ಅಫ್ಘನ್ ಯುದ್ಧದಿಂದ ಓಡಿ ಬಂದ ಅನ್ನುವುದು ಜನಪ್ರಿಯ ಕಥೆ, ಅದನ್ನು ನಾನು ಗಟ್ಟಿಯಾಗಿ ಹಿಡಿಯುವುದಿಲ್ಲ. ಬೆಟ್ಟಕ್ಕೆ ಬಂದ ಮೇಲೆ ಏನು ಮಾಡಿದ ಅನ್ನುವುದು ಮುಖ್ಯ. ಕಸ್ತೂರಿ ಮೃಗದ ಕಸ್ತೂರಿ, ಪ್ರಾಣಿಗಳ ಚರ್ಮ, ಮೊನಾಲ್ ಹಕ್ಕಿಯ ಹೊಳೆಯುವ ಪುಕ್ಕ. ಪುಕ್ಕ ಯುರೋಪಿನ ಹೆಂಗಸರ ಟೋಪಿಗೆ. ಹೀಗೆ ಬೇಟೆಯಾಡಿ ಮಾರುತ್ತಾ ಹತ್ತಾರು ವರ್ಷ ಆ ಕಣಿವೆಯ ಪ್ರತಿ ಕಾಲುದಾರಿ ತುಳಿದ. ಭಾಷೆ ಕಲಿತ. ಯಾವ ಓರೆಯಲ್ಲಿ ಎಂಥ ಮರ ಇದೆ, ಯಾವ ಹಳ್ಳ ಯಾವ ತಿಂಗಳು ತುಂಬುತ್ತದೆ ಅನ್ನುವುದು ರಾಜನ ದಿವಾನನಿಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು. 'ಮೌಂಟನೀರ್' ಅನ್ನುವ ಹೆಸರಿನಲ್ಲಿ ಬರೆಯುತ್ತಲೂ ಇದ್ದ. ಹಕ್ಕಿಗಳ ಬಗ್ಗೆ ಅವನು ಬರೆದಿಟ್ಟದ್ದನ್ನು ಎ. ಓ. ಹ್ಯೂಮ್ ತನ್ನ ಬೇಟೆ ಹಕ್ಕಿಗಳ ಗ್ರಂಥದಲ್ಲಿ ಬಳಸಿಕೊಂಡಿದ್ದಾನೆ. ಹೌದು, ಮುಂದೆ ಕಾಂಗ್ರೆಸ್ ಕಟ್ಟಿದ ಅದೇ ಹ್ಯೂಮ್.

ಇನ್ನು ಕೊಳ್ಳುವವರು. ಗಂಗಾ ಕಾಲುವೆ 1842ರಿಂದ 1854ರವರೆಗೆ ಕಟ್ಟಿದರು, ಅದು ಶುರುವಾಗುವುದೇ ಹರಿದ್ವಾರದಿಂದ. ಮೀರತ್, ಡೆಹ್ರಾಡೂನ್‌ಗಳಲ್ಲಿ ದಂಡಿನ ಕಟ್ಟಡಗಳು. ಕೊನೆಗೆ ರೈಲು. 1853ರ ಏಪ್ರಿಲ್ 16ರಂದು ಮುಂಬೈಯಿಂದ ಠಾಣೆಗೆ 34 ಕಿ.ಮೀ. ಗಾಡಿ ಓಡಿತು. ಅಲ್ಲಿಂದ ಹತ್ತು ಹದಿನೈದು ವರ್ಷದಲ್ಲಿ ಉತ್ತರ ಭಾರತದ ತುಂಬ ಹಳಿ. ಒಂದು ಮೈಲಿ ಹಳಿಗೆ 1,760ರಿಂದ 2,000 ಸ್ಲೀಪರ್, ಅಂದರೆ ಹಳಿಯ ಕೆಳಗೆ ಅಡ್ಡ ಹಾಕುವ ಮರದ ತುಂಡು ಬೇಕು. ಎಣ್ಣೆ ಔಷಧಿ ಏನೂ ಹಾಕದೆ ನೆಲದಲ್ಲಿ ವರ್ಷಗಟ್ಟಲೆ ತಾಳುವ ಮರ ಆಗ ಮೂರೇ: ತೇಗ, ಸಾಲ, ದೇವದಾರು. ಬಂದರಿನ ಹತ್ತಿರದ ಲೈನುಗಳಿಗೆ ಬಾಲ್ಟಿಕ್ ಕಡೆಯಿಂದ ಹಡಗಿನಲ್ಲಿ ಮರ ತರಿಸಿದರು ಬೇರೆ! ವಿಲ್ಸನ್ ಕಡಿಯಲು ಶುರು ಮಾಡಿದ ಮೂರನೇ ವರ್ಷಕ್ಕೆ ದೇಶದಲ್ಲಿ ಮೊದಲ ರೈಲು ಓಡಿತು. ಇದು ಅದೃಷ್ಟ, ಜಾಣತನ ಅಲ್ಲ.

ಲೆಕ್ಕದಬುಕ್ಕು:
ಮೇಷ್ಟ್ರೇ, ಅದೃಷ್ಟ ಅಂತ ಒಂದೇ ಮಾತಲ್ಲಿ ಮುಗಿಸಬೇಡಿ. ರೈಲು ಬರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಕಾಡಿನ ಗುತ್ತಿಗೆ ಕೈಯಲ್ಲಿ ಇದ್ದದ್ದು ಒಬ್ಬನಿಗೆ ಮಾತ್ರ.

ನಾನೊಂದು ಲೆಕ್ಕ ಹಾಕಿದೆ. ಎಲ್ಲೋ ಓದಿದ ನೆನಪು, ಟಿಹರಿ ಕಾಡಿನಿಂದ 65 ಲಕ್ಷ ದೇವದಾರು ಸ್ಲೀಪರ್ ಹೋಗಿದೆ. ಮೈಲಿಗೆ 2,000 ಅಂದರೂ 3,250 ಮೈಲಿ ಹಳಿ ಆಯಿತು. ಒಬ್ಬ ಮನುಷ್ಯ ಇಷ್ಟು ಮಾಡಿದ ಅಂದರೆ ಸುಮ್ನೆ ಅಲ್ಲ.

ಮೇಷ್ಟ್ರು64:
ಅಂಕಿ ಸರಿ, ಆಸಾಮಿ ತಪ್ಪು. ಆ 65 ಲಕ್ಷ 1869ರಿಂದ 1885ರ ನಡುವಿನದು, ಅದೂ ಯಮುನಾ ಕಣಿವೆಯದು. ಹರ್ಸಿಲ್ ಇರುವುದು ಭಾಗೀರಥಿ ಕಣಿವೆಯಲ್ಲಿ. ಆ ಹೊತ್ತಿಗೆ ಟಿಹರಿ ಕಾಡು ಸರ್ಕಾರದ ಕೈಗೆ ಹೋಗಿತ್ತು. 1864ರಲ್ಲಿ ಇಂಗ್ಲಿಷ್ ಸರ್ಕಾರವೇ ರಾಜನಿಂದ 20 ವರ್ಷಕ್ಕೆ ಗುತ್ತಿಗೆ ತೆಗೆದುಕೊಂಡಿತು, ವರ್ಷಕ್ಕೆ 10,000 ರೂಪಾಯಿಗೆ.

ಲೆಕ್ಕದಬುಕ್ಕು:
ಒಪ್ಪಿದೆ. ಆದರೆ ಈಗ ನೀವೇ ಕೊಟ್ಟ ಅಂಕಿ ನೋಡಿ ಸರ್. 400ರಿಂದ 10,000. ಹದಿನಾಲ್ಕು ವರ್ಷದಲ್ಲಿ 25 ಪಟ್ಟು. ಕಾಡು ಅದೇ, ರಾಜ್ಯ ಅದೇ. ಹಾಗಿದ್ದರೆ ನಡುವಿನ ಆ ಹದಿನಾಲ್ಕು ವರ್ಷ ಆ ವ್ಯತ್ಯಾಸ ಯಾರ ಜೇಬಿಗೆ ಹೋಯಿತು? ಗುತ್ತಿಗೆ ವ್ಯವಹಾರದಲ್ಲಿ ನನಗೆ ಸ್ವಲ್ಪ ಅನುಭವ ಇದೆ. ಹಳೇ ಬಾಡಿಗೆದಾರ ಬಿಟ್ಟ ಮೇಲೆ ಹೊಸಬ 25 ಪಟ್ಟು ಕೊಡಲು ಸಿದ್ಧ ಅಂದರೆ, ಮಾಲೀಕನಿಗೆ ಆ ದಿನ ನಿದ್ದೆ ಬಂದಿರಲಿಕ್ಕಿಲ್ಲ.

ತುಂಗಾತೀರ:
ಹಾಗಾದರೆ ಸರ್ಕಾರ ಬಂದದ್ದು ಕಾಡು ಉಳಿಸಲು ಅಲ್ಲವೇ?

ಮೇಷ್ಟ್ರು64:
ಅದೇ 1864ರಲ್ಲಿ ಡೈಟ್ರಿಚ್ ಬ್ರಾಂಡಿಸ್ ಎಂಬ ಜರ್ಮನ್ ಮೇಲಧಿಕಾರಿಯಾಗಿ ಅರಣ್ಯ ಇಲಾಖೆ ಹುಟ್ಟಿತು. ಹೇಳಿದ್ದು ಉಳಿಸುವುದು ಅಂತ. ಉಳಿಸಬೇಕಿದ್ದದ್ದು ಸ್ಲೀಪರ್ ಸರಬರಾಜನ್ನು. ಗುತ್ತಿಗೆದಾರ ಸಿಕ್ಕ ಹಾಗೆ ಕಡಿದರೆ ನಾಳೆ ಹಳಿಗೆ ಮರ ಇರುವುದಿಲ್ಲ, ಹಾಗಾಗಿ ನಾವೇ ಲೆಕ್ಕ ಇಟ್ಟು ಕಡಿಯುತ್ತೇವೆ ಅನ್ನುವುದು ಅವರ ತರ್ಕ. ಯಮುನೆಯ 65 ಲಕ್ಷ ಆ ಲೆಕ್ಕ ಇಟ್ಟು ಕಡಿದದ್ದು!

ತುಂಗಾತೀರ ಅವರೇ, ನಿಮ್ಮ ಊರಿಗೂ ಇದಕ್ಕೂ ಒಂದು ಎಳೆ ಇದೆ. ಹ್ಯೂ ಕ್ಲೆಗಾರ್ನ್ ಅನ್ನುವ ಸ್ಕಾಟಿಷ್ ಡಾಕ್ಟರ್ 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದ. ಬಿದನೂರು ನಗರದ ಕಡೆಯ ಕಾಡುಗಳಲ್ಲಿ ಗಿಡ ಮರ ನೋಡುತ್ತಾ ಅಲೆದವನು. ಮದ್ರಾಸ್ ಪ್ರಾಂತ್ಯದ ಕಾಡುಗಳ ಹೊಣೆ ಹೊತ್ತ ಮೇಲೆ ಅವನನ್ನು ಹಿಮಾಲಯಕ್ಕೆ ಕಳಿಸಿದರು. ಪಂಜಾಬ್ ಮತ್ತು ಪಶ್ಚಿಮ ಹಿಮಾಲಯದ ಕಾಡುಗಳ ಮೇಲೆ ಅವನ ವರದಿ ಅಚ್ಚಾದದ್ದೂ 1864ರಲ್ಲೇ. ದೇವದಾರು ಎಲ್ಲೆಲ್ಲಿ ಇದೆ, ಯಾವ ಹೊಳೆಯಲ್ಲಿ ತೇಲಿಸಬಹುದು ಅನ್ನುವುದೇ ಅದರ ಜೀವ.

ದಾಂಡೇಲಿಹುಡುಗ:
ಹುಡುಗ ಅಂತ ಹೆಸರು ಇಟ್ಟುಕೊಂಡು ಐವತ್ತು ದಾಟಿದೆ ಮಾರಾಯ್ರೆ, ಬದಲಿಸಲು ಬರುವುದಿಲ್ಲ.

ನಮ್ಮ ಅಜ್ಜ ನಾಟಾ ಗುತ್ತಿಗೆದಾರ. ಅಳ್ನಾವರದಿಂದ ದಾಂಡೇಲಿಗೆ ರೈಲು ಹಾಕಿದ್ದೇ ನಾಟಾ ಸಾಗಿಸಲು, ನಮ್ಮ ಮನೆಯ ಅನ್ನ ಬಂದದ್ದು ಆ ಹಳಿಯಿಂದ. ಅದಕ್ಕೆ ಎಲ್ಲರೂ ಬಿಟ್ಟ ಒಂದು ವಿಷಯ ಹೇಳುತ್ತೇನೆ. ಮರ ಕಡಿಯುವುದು ಯಾರಿಂದಲೂ ಆಗುತ್ತದೆ. ಕೊಡಲಿ, ಗರಗಸ, ಹತ್ತು ಆಳು ಇದ್ದರೆ ಸಾಕು. ದುಡ್ಡು ಇರುವುದು ಕಡಿದ ಜಾಗಕ್ಕೂ ಮಾರುವ ಜಾಗಕ್ಕೂ ನಡುವೆ. ಆ ನಡುವೆ ಯಾರ ಹಿಡಿತ ಇದೆಯೋ ಅವನೇ ಧಣಿ.

ತೇಲಿಸುವುದು ನೋಡಲು ಸುಲಭ. ಹಸಿ ತೇಗ ನೀರಲ್ಲಿ ಮುಳುಗುತ್ತದೆ. ಅದಕ್ಕೇ ಬರ್ಮಾದಲ್ಲಿ ನಿಂತ ಮರದ ಬುಡದ ಸುತ್ತ ತೊಗಟೆ ಕೆತ್ತಿ, ಎರಡು ಮೂರು ವರ್ಷ ನಿಂತಲ್ಲೇ ಒಣಗಿಸಿ, ಆಮೇಲೆ ಕಡಿಯುತ್ತಿದ್ದರು. ಸಾಲ ಮರ ಇನ್ನೂ ಭಾರ, ಬಿದಿರು ಕಟ್ಟಿ ತೇಲಿಸಬೇಕು. ದೇವದಾರು ಹಗುರ, ಸುಮ್ಮನೆ ದೂಡಿದರೆ ಹೋಗುತ್ತದೆ. ವಿಲ್ಸನ್‌ನ ಅರ್ಧ ಲಾಭ ಈ ಹಗುರದಲ್ಲೇ ಇದೆ.

ಆದರೂ ಮಳೆಗಾಲದಲ್ಲಿ ಬಿಡುವ ಹಾಗಿಲ್ಲ. ಪ್ರವಾಹದಲ್ಲಿ ದಂಡೆ ಮೇಲೆ ಎಸೆದು ಹೋಗುತ್ತದೆ, ಇಲ್ಲವೇ ಹರಿದ್ವಾರ ದಾಟಿ ಯಾರದೋ ಊರಿಗೆ. ನೀರು ತೀರಾ ಇಳಿದರೆ ಬಂಡೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಒಂದು ದಿಮ್ಮಿ ಅಡ್ಡ ನಿಂತರೆ ಹಿಂದಿನ ನೂರು ಅದರ ಮೇಲೆ ಹತ್ತಿ ಕೂರುತ್ತವೆ. ಆಗ ಜನ ಆ ಹಿಮದ ನೀರಿಗೆ ಇಳಿದು, ಕೊಕ್ಕೆ ಕೋಲಿನಿಂದ ಕೀಲಿ ದಿಮ್ಮಿ ಯಾವುದು ಅಂತ ಹುಡುಕಿ ಎಳೆಯಬೇಕು. ಎಳೆದ ಕ್ಷಣ ಓಡಬೇಕು. ಓಡಲಿಕ್ಕೆ ಆಗದಿದ್ದವರ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ.

ಸುಮ್ನೆಓದುಗ:
ಹೊಳೆಯಲ್ಲಿ ಎಲ್ಲರ ಮರ ಒಟ್ಟಿಗೆ ಬಂದರೆ ಯಾರದ್ದು ಯಾವುದು ಅಂತ ಹೇಗೆ ಗೊತ್ತಾಗುತ್ತದೆ?

ದಾಂಡೇಲಿಹುಡುಗ:
ಒಳ್ಳೇ ಪ್ರಶ್ನೆ. ಹ್ಯಾಮರ್ ಗುರುತು. ದಿಮ್ಮಿಯ ತಲೆಗೆ, ಅಂದರೆ ಕೊಯ್ದ ಮುಖಕ್ಕೆ, ಕಬ್ಬಿಣದ ಸುತ್ತಿಗೆಯಿಂದ ಧಣಿಯ ಗುರುತು ಹೊಡೆಯುತ್ತಾರೆ. ನಮ್ಮಲ್ಲಿ ಡಿಪೋದಲ್ಲಿ ಇಲಾಖೆಯ ಹ್ಯಾಮರ್ ಬಿದ್ದಿಲ್ಲದ ನಾಟಾ ಅಂದರೆ ಕಳ್ಳ ನಾಟಾ. ಅಜ್ಜನ ಸುತ್ತಿಗೆ ಇನ್ನೂ ಮನೆಯ ಅಟ್ಟದಲ್ಲಿ ಇರಬೇಕು.

ಟಕೋಮಾಕನ್ನಡಿಗ:
ಈ ಹ್ಯಾಮರ್ ಮಾತು ಬಂದದ್ದಕ್ಕೆ ನಾನೂ ಬಾಯಿ ಬಿಡುತ್ತೇನೆ. ನಾನು ಇರುವ ಊರು ವಾಷಿಂಗ್ಟನ್ ರಾಜ್ಯದ ಟಕೋಮಾ. ಇಲ್ಲಿ ಮರದ ದೊರೆ ಅಂದರೆ ವೇಯರ್‌ಹೌಸರ್. ಫ್ರೆಡರಿಕ್ ಅಂತಲೇ ಹೆಸರು, ಕಾಕತಾಳೀಯ. 1834ರಲ್ಲಿ ಜರ್ಮನಿಯಲ್ಲಿ ಹುಟ್ಟಿದ, 1852ರಲ್ಲಿ ಹದಿನೇಳರ ಹುಡುಗನಾಗಿ ಅಮೆರಿಕಕ್ಕೆ ಬಂದ. ಇಲಿನಾಯ್ ರಾಜ್ಯದ ರಾಕ್ ಐಲ್ಯಾಂಡ್‌ನಲ್ಲಿ, ಮಿಸಿಸಿಪ್ಪಿ ದಂಡೆಯ ಒಂದು ಸಾಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದ. 1857ರಲ್ಲಿ ದೇಶದ ತುಂಬ ಬ್ಯಾಂಕುಗಳು ಮುಳುಗಿದವು, ಮಾಲೀಕರು ದಿವಾಳಿ. ಇವನ ಕೈಯಲ್ಲಿ ಕೋಲ್ ವ್ಯಾಲಿ ಅನ್ನುವ ಸಣ್ಣ ಊರಿನ ಮರದ ಅಂಗಡಿ ಉಳಿಯಿತು.

ಯಾರ ಹತ್ತಿರವೂ ನಗದು ಇಲ್ಲ. ಇವನು ಏನು ಮಾಡಿದ ಗೊತ್ತಾ? ರೈತರಿಗೆ ಹಲಗೆ ಕೊಟ್ಟು ಬದಲಿಗೆ ಕುದುರೆ, ಎತ್ತು, ಮೊಟ್ಟೆ, ಕೊಟ್ಟದ್ದನ್ನೆಲ್ಲ ತೆಗೆದುಕೊಂಡ. ಆ ಸಾಮಾನನ್ನು ತೆಪ್ಪದವರಿಗೆ ಕೊಟ್ಟು ದಿಮ್ಮಿ ಪಡೆದ. ಅಂಗಡಿಯವರಿಗೆ ಕೊಟ್ಟು ಒಲೆ, ತಗಡಿನ ಪಾತ್ರೆ ಪಡೆದ. ಪಕ್ಕಾ ಸಂತೆ ವ್ಯಾಪಾರ. 1860ರಲ್ಲಿ ತನ್ನ ಷಡ್ಡಕ ಡೆಂಕ್‌ಮನ್ ಜೊತೆ ಸೇರಿ, ತಾನು ಕೂಲಿ ಮಾಡಿದ್ದ ಅದೇ ಮಿಲ್ಲನ್ನು ಕೊಂಡ.

ದಾಂಡೇಲಿ ಅಣ್ಣ ಹೇಳಿದ 'ನಡುವಿನ ಹಿಡಿತ' ಇಲ್ಲಿ ಕನ್ನಡಿ ಹಿಡಿದ ಹಾಗಿದೆ. ವಿಸ್ಕಾನ್ಸಿನ್‌ನ ಚಿಪ್ಪೆವಾ ನದಿ ಮಿಸಿಸಿಪ್ಪಿಗೆ ಸೇರುವ ಕಡೆ ಬೀಫ್ ಸ್ಲೂ ಅಂತ ಒಂದು ಕವಲು ನೀರು. ಅಲ್ಲಿ ತೇಲುವ ಬೇಲಿ ಕಟ್ಟಿ ಎಲ್ಲರ ದಿಮ್ಮಿ ಹಿಡಿದು, ಹ್ಯಾಮರ್ ಗುರುತು ನೋಡಿ ವಿಂಗಡಿಸಿ, ತೆಪ್ಪ ಕಟ್ಟಿ ಕೆಳಗಿನ ಮಿಲ್ಲುಗಳಿಗೆ ಕಳಿಸುವುದು. ಮೇಲಿನ ಮಿಲ್ಲಿನವರು "ನಮ್ಮ ನೀರಿನಲ್ಲಿ ನಿಮ್ಮ ಮರ ಯಾಕೆ" ಅಂತ 1868ರಲ್ಲಿ ಜಗಳಕ್ಕೇ ನಿಂತರು, ಅದನ್ನು ಇಲ್ಲಿ 'ಯುದ್ಧ' ಅಂತಲೇ ಕರೆಯುತ್ತಾರೆ. ಕೆಲವೇ ವರ್ಷದಲ್ಲಿ ಕೆಳಗಿನ ಮಿಲ್ಲಿನವರೆಲ್ಲ ಸೇರಿ ಒಂದು ಕಂಪನಿ ಮಾಡಿಕೊಂಡರು, ವೇಯರ್‌ಹೌಸರ್ ಅದರ ಅಧ್ಯಕ್ಷ.

1880ರ ಬೇಸಿಗೆಯಲ್ಲಿ ಚಿಪ್ಪೆವಾ ಉಕ್ಕಿ ಹರಿಯಿತು. ಮೇಲಿನವರ ಬೇಲಿ ಕಿತ್ತು ಅವರ ದಿಮ್ಮಿಗಳೆಲ್ಲ ಬೀಫ್ ಸ್ಲೂಗೆ ಬಂದು ಬಿದ್ದವು. ಶತ್ರುವಿನ ಮಾಲು ತನ್ನ ಅಂಗಳದಲ್ಲಿ. ಬೇರೆಯವರಾಗಿದ್ದರೆ ಕೋರ್ಟಿಗೆ ಎಳೆದು ಮುಗಿಸುತ್ತಿದ್ದರು. ಇವನು "ನಿಮ್ಮ ಇಷ್ಟು ಮರ ನಾನಿಟ್ಟುಕೊಳ್ಳುತ್ತೇನೆ, ಮೇಲೆ ನಮ್ಮದು ಅಷ್ಟೇ ಇದೆ, ನೀವು ಅದನ್ನು ಕೊಯ್ದುಕೊಳ್ಳಿ" ಅಂತ ಅದಲು ಬದಲು ಮಾಡಿದ. ಮರುವರ್ಷ ಎರಡು ಕಡೆಯವರೂ ಒಂದೇ ಕೂಟ. ಇಡೀ ನದಿ ಅವನ ಮಾತು ಕೇಳುವ ಹಾಗಾಯಿತು.

1900ರ ಜನವರಿಯಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ 9 ಲಕ್ಷ ಎಕರೆ ಕಾಡನ್ನು ರೈಲು ಕಂಪನಿಯಿಂದ ಎಕರೆಗೆ 6 ಡಾಲರಿನಂತೆ ಕೊಂಡ. ಮಾರಿದವರ ಪರವಾಗಿ ಕುಳಿತದ್ದು ಜೇಮ್ಸ್ ಹಿಲ್, ಸೇಂಟ್ ಪಾಲ್ ಊರಿನಲ್ಲಿ ಅವನ ಪಕ್ಕದ ಮನೆಯವನು. ಬೇಲಿ ಪಕ್ಕದ ವ್ಯಾಪಾರ.

ಲೆಕ್ಕದಬುಕ್ಕು:
ಇದು ಸರಿಯಾದ ಧಣಿ! ವಿಲ್ಸನ್ 400ಕ್ಕೆ ಬಾಡಿಗೆ ಹಿಡಿದ, ಬಾಡಿಗೆ ಮುಗಿದ ಮೇಲೆ ಕಾಡು ಹೋಯಿತು. ಇವನು 54 ಲಕ್ಷ ಡಾಲರ್ ಕೊಟ್ಟು ಭೂಮಿಯನ್ನೇ ಕೊಂಡ. ಅದಕ್ಕೇ ಒಬ್ಬನ ಹೆಸರಲ್ಲಿ ಕಂಪನಿ ಇದೆ, ಇನ್ನೊಬ್ಬನ ಹೆಸರಲ್ಲಿ ಸೇಬು ಇದೆ.

ಕಾಫಿತೋಟ:
ಭೂಮಿ ಕೊಂಡ ಅಂತ ಎದೆ ಉಬ್ಬಿಸಬೇಡಿ. ಚಿಪ್ಪೆವಾ ಅನ್ನುವುದು ಅಲ್ಲಿನ ಮೂಲನಿವಾಸಿಗಳ ಹೆಸರು, ಒಜಿಬ್ವೆ ಜನ. 1837ರ ಒಪ್ಪಂದದಲ್ಲಿ ಅವರಿಂದ ಆ ಪೈನ್ ಕಾಡು ಬರೆಸಿಕೊಂಡ ಮೇಲೆಯೇ ಈ ನದಿ, ಈ ಬೇಲಿ, ಈ ಜಗಳ ಎಲ್ಲ. ಟಿಹರಿಯಲ್ಲೂ ಅದೇ ತಾನೇ? ರಾಜ 400 ತೆಗೆದುಕೊಂಡ. ಆ ಕಾಡಲ್ಲಿ ದನ ಮೇಯಿಸಿ, ಸೌದೆ ತರುತ್ತಿದ್ದ ಹಳ್ಳಿಯವರನ್ನು ಕೇಳಿದವರು ಯಾರು?

ಆ ಟೋಕನ್ ವಿಷಯಕ್ಕೂ ಬರೋಣ. ಎಲ್ಲರೂ 'ತನ್ನದೇ ನಾಣ್ಯ' ಅಂತ ಬೆರಗಾಗುತ್ತಾರೆ. ಸಿಲೋನಿನ ಕಾಫಿ ಎಸ್ಟೇಟುಗಳಲ್ಲೂ ಟೋಕನ್ ಇತ್ತು. ಚಿಲ್ಲರೆ ಸಿಗದ ಕಡೆ ಕೂಲಿ ಕೊಡಲು ಅದೊಂದು ದಾರಿ, ನಿಜ. ಆದರೆ ಧಣಿಯ ಟೋಕನ್ ಧಣಿಯ ಊರಿನ ಆಚೆ ನಡೆಯುವುದಿಲ್ಲ. ಕೂಲಿ ಇಸಿದುಕೊಂಡವನೂ ಆಚೆ ಹೋಗುವುದಿಲ್ಲ.

ಹಳೇಫೌಜಿ:
ಕಾಫಿತೋಟದವರ ಮಾತು ಅರ್ಧ ಒಪ್ಪುತ್ತೇನೆ. ನಾನು ಅಲ್ಲಿನ ಮುದುಕರ ಜೊತೆ ಕೂತು ಮಾತಾಡಿದವನು. ವಿಲ್ಸನ್ ಬಗ್ಗೆ ಸಿಟ್ಟು ಕಂಡದ್ದು ಕಡಿಮೆ. ಕೂಲಿ ಸಿಕ್ಕಿತು, ಸೇಬು ಬಂತು, ನಮ್ಮ ಹುಡುಗಿಯನ್ನೇ ಮದುವೆಯಾದ ಅನ್ನುತ್ತಾರೆ. ಸಿಟ್ಟು ಇದ್ದದ್ದು ಆಮೇಲೆ ಬಂದ ಅರಣ್ಯ ಕಾನೂನಿನ ಮೇಲೆ.

ಅವನ ಹೆಂಡತಿ ಗುಲಾಬಿ. ಹರ್ಸಿಲ್ ಪಕ್ಕದ ಮುಖಬಾ ಊರಿನವಳು. ಚಳಿಗಾಲದಲ್ಲಿ ಗಂಗೋತ್ರಿಯ ದೇವಿಯನ್ನು ಇಳಿಸಿ ತಂದು ಕೂರಿಸುವುದು ಆ ಊರಲ್ಲೇ. ಪೂಜಾರಿಗಳ ಊರು. ಇವಳು ದೇವರ ಮುಂದೆ ಡೋಲು ಬಾರಿಸುವ ಮನೆತನದ ಮಗಳು. ಮೂರು ಗಂಡು ಮಕ್ಕಳು. ಜನ ಅವರನ್ನು ನಾಥೂ, ಚಾರ್ಲಿ, ಇಂದ್ರಿ ಅಂತ ಕರೆದರು. ನಥಾನಿಯಲ್, ಚಾರ್ಲ್ಸ್, ಹೆನ್ರಿ ಅನ್ನುವುದು ಬರೀ ಕಾಗದದ ಹೆಸರು.

ಸೇತುವೆ ಕಥೆಯನ್ನೂ ಹೇಳಿಬಿಡುತ್ತೇನೆ. ಗಂಗೋತ್ರಿಗೆ ಮುಂಚೆ ಭೈರೋಂಘಾಟಿಯಲ್ಲಿ ಜಾಡ್ ಗಂಗಾ ಅನ್ನುವ ಹೊಳೆ ಆಳದ ಕೊರಕಲಲ್ಲಿ ಹರಿಯುತ್ತದೆ. ನಿಂತು ಕೆಳಗೆ ನೋಡಿದರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಯಾತ್ರಿಕರು ಆ ಕೊರಕಲಿಗೆ ಇಳಿದು ಹತ್ತಬೇಕಿತ್ತು. ವಿಲ್ಸನ್ ಅಲ್ಲಿ ತೂಗುಸೇತುವೆ ಕಟ್ಟಿಸಿದ. ಜನ ಹೆದರಿ ಕಾಲಿಡಲಿಲ್ಲವಂತೆ. ಆಗ ಅವನೇ ಕುದುರೆ ಹತ್ತಿ ಅದರ ಮೇಲೆ ಓಡಿಸಿ ತೋರಿಸಿದ ಅಂತ ಕಥೆ. ಬೆಳದಿಂಗಳಲ್ಲಿ ಇವತ್ತಿಗೂ ಗೊರಸಿನ ಸದ್ದು ಕೇಳುತ್ತದೆ ಅಂತಾರೆ. ನಾನು ರಾತ್ರಿ ಪಾಳಿ ಮಾಡಿದ್ದೇನೆ. ಕೇಳಿದ್ದು ಗಾಳಿ ಮಾತ್ರ.

ತುಂಗಾತೀರ:
ಗುಲಾಬಿಯ ವಿಷಯ ಅಮ್ಮನಿಗೆ ಓದಿ ಹೇಳಿದೆ. "ಅಷ್ಟು ದೊಡ್ಡ ಸಾಹೇಬನ ಹೆಂಡತಿಯಾದ ಮೇಲೆ ಊರಿನ ಪೂಜಾರಿಗಳು ಅವಳನ್ನು ದೇವಸ್ಥಾನದ ಒಳಗೆ ಬಿಟ್ಟರಾ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವನ ಬಂಗಲೆ ನೋಡಲು ಸಿಗುತ್ತಾ? ನಮಗೆ ಸಮಯ ಆಗಲಿಲ್ಲ.

ಹಳೇಫೌಜಿ:
ಹಳೇ ಬಂಗಲೆ 1990ರ ದಶಕದಲ್ಲಿ ಬೆಂಕಿಗೆ ಹೋಯಿತು. ಪೂರ್ತಿ ದೇವದಾರು. ಆ ಎಣ್ಣೆ ಗೆದ್ದಲನ್ನು ತಡೆಯುತ್ತದೆ, ಬೆಂಕಿಯನ್ನಲ್ಲ. ಅವನ ಸಮಾಧಿ ಇರುವುದು ಮಸ್ಸೂರಿಯಲ್ಲಿ, 1883ರಲ್ಲಿ ತೀರಿಕೊಂಡ.

ನೀವು ಹೋದದ್ದು ಯಾವಾಗ? 2025ರ ಆಗಸ್ಟ್ 5ರಂದು ಪಕ್ಕದ ಧರಾಲಿಗೆ ಹಳ್ಳ ನುಗ್ಗಿ ಮನೆ, ಹೋಟೆಲು, ತೋಟ ಎಲ್ಲ ಕೊಚ್ಚಿತಲ್ಲ. ನನಗೆ ಚಹಾ ಕೊಡುತ್ತಿದ್ದ ಅಂಗಡಿ ಆ ಸಾಲಿನಲ್ಲೇ ಇತ್ತು.

ತುಂಗಾತೀರ:
ಅದಕ್ಕೂ ಮುಂಚಿನ ವರ್ಷ ಸರ್. ನಾವು ಊಟ ಮಾಡಿದ ಜಾಗವೂ ಧರಾಲಿಯೇ.

ಸುಮ್ನೆಓದುಗ:
ವಿಲ್ಸನ್ ಮರ ಕಡಿದದ್ದಕ್ಕೇ ಈ ಪ್ರವಾಹ ಅನ್ನಬಹುದಾ?

ಮೇಷ್ಟ್ರು64:
ಬೇಡ. ಮೇಲಿನ ಹಳ್ಳದ ಹಿಮ, ಕಲ್ಲು, ಮಣ್ಣಿನ ಕಥೆ ಬೇರೆ. ನೂರೈವತ್ತು ವರ್ಷದ ಹಿಂದಿನ ಕೊಡಲಿಗೆ ಎಲ್ಲವನ್ನೂ ಕಟ್ಟಿದರೆ, ನಿನ್ನೆ ಹಳ್ಳದ ಬಾಯಲ್ಲಿ ಹೋಟೆಲು ಕಟ್ಟಿದವರು ಪಾರಾಗಿಬಿಡುತ್ತಾರೆ.

ಕಾಡಿನ ಸಿಟ್ಟಿನ ಬಗ್ಗೆ ಫೌಜಿಯವರು ಹೇಳಿದ್ದು ಸರಿ. 1930ರ ಮೇ 30ರಂದು ಯಮುನೆಯ ದಂಡೆಯ ತಿಲಾಡಿ ಮೈದಾನದಲ್ಲಿ, ಅರಣ್ಯ ಕಾನೂನು ವಿರೋಧಿಸಿ ಸೇರಿದ್ದ ಹಳ್ಳಿಯವರ ಮೇಲೆ ಟಿಹರಿ ರಾಜ್ಯದ ಪಡೆ ಗುಂಡು ಹಾರಿಸಿತು. 400 ರೂಪಾಯಿಗೆ ಕಾಡು ಕೊಟ್ಟ ಅದೇ ಮನೆತನ, ಆ ಹೊತ್ತಿಗೆ ಕಾಡಿನ ಬೆಲೆ ಚೆನ್ನಾಗಿ ಕಲಿತಿತ್ತು. ರಾಜ್ಯದ ಆದಾಯದಲ್ಲಿ ಕಾಡಿನದೇ ದೊಡ್ಡ ಪಾಲು. ಆ ಬೆಲೆ ಕಲಿಸಿಕೊಟ್ಟವನು ವಿಲ್ಸನ್. ನನ್ನ ಪ್ರಕಾರ ಅವನು ಕಡಿದ ಮರಕ್ಕಿಂತ ಇದೇ ದೊಡ್ಡದು.

ಲೆಕ್ಕದಬುಕ್ಕು:
ಮೇಷ್ಟ್ರೇ, ಇದು ಸ್ವಲ್ಪ ಅನ್ಯಾಯ. ಬೆಲೆ ಕಲಿಸಿದ್ದು ತಪ್ಪಾದರೆ ಸಂತೆಯಲ್ಲಿ ಯಾರೂ ಬಾಯಿ ತೆರೆಯುವ ಹಾಗಿಲ್ಲ.

ಮೇಷ್ಟ್ರು64:
ತಪ್ಪು ಅನ್ನಲಿಲ್ಲ, ದೊಡ್ಡದು ಅಂದೆ.

ಕಾಫಿತೋಟ:
ಅದೇ ಟಿಹರಿ ಕಡೆಯ ಸುಂದರಲಾಲ್ ಬಹುಗುಣ ನಮ್ಮ ಶಿರಸಿಗೆ ಬಂದದ್ದು, 1983ರ ಸೆಪ್ಟೆಂಬರ್‌ನಲ್ಲಿ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರ ಅಪ್ಪಿದ್ದು, ಇದನ್ನೂ ಸೇರಿಸಿ. ದಾಂಡೇಲಿಯವರು ಮುನಿಸಿಕೊಳ್ಳದಿದ್ದರೆ.

ದಾಂಡೇಲಿಹುಡುಗ:
ಮುನಿಸು ಯಾಕೆ? ಅಪ್ಪಿಕೋ ಶುರುವಾದಾಗ ಅಜ್ಜ ಇದ್ದರು. "ಅವರು ಹೇಳುವುದು ಸರಿ, ಆದರೆ ನನಗೆ ಹೇಳಲು ನಲವತ್ತು ವರ್ಷ ತಡ ಮಾಡಿದರು" ಅಂದಿದ್ದರು. ಅಜ್ಜ ವಿಲ್ಸನ್ನೂ ಅಲ್ಲ, ವೇಯರ್‌ಹೌಸರೂ ಅಲ್ಲ. ಹರಾಜಿನಲ್ಲಿ ಒಂದು ವರ್ಷ ಗೆದ್ದು ಎರಡು ವರ್ಷ ಸೋತವರು. ಹಿಡಿತ ಇಲಾಖೆಯ ಕೈಯಲ್ಲಿತ್ತು, ಅದಕ್ಕೇ.

ಹಳೇಫೌಜಿ:
ಡೆಹ್ರಾಡೂನ್ ಕಡೆ ಹೋದರೆ ಅರಣ್ಯ ಸಂಶೋಧನಾ ಸಂಸ್ಥೆಯ ಮ್ಯೂಸಿಯಂ ತಪ್ಪಿಸಬೇಡಿ. ಅಲ್ಲಿ ಒಂದು ದೇವದಾರಿನ ಅಡ್ಡಕೊಯ್ತ ಇಟ್ಟಿದ್ದಾರೆ, 700 ವರ್ಷ ದಾಟಿದ ಮರ. ಉಂಗುರಗಳ ಮೇಲೆ ಬೆರಳಿಟ್ಟು ಒಳಗಿನಿಂದ ಹೊರಗೆ ಬಂದರೆ ವಿಲ್ಸನ್ ಇದ್ದ ಕಾಲ ತೊಗಟೆಯ ಹತ್ತಿರ ಎಲ್ಲೋ ಬರುತ್ತದೆ.

ಟಕೋಮಾಕನ್ನಡಿಗ:
ದಾಂಡೇಲಿ ಅಣ್ಣ, ಅಟ್ಟದಲ್ಲಿರುವ ಆ ಸುತ್ತಿಗೆಯ ಫೋಟೋ ಹಾಕಿ. ಇಲ್ಲಿ ಅಂಥದ್ದನ್ನು ಮ್ಯೂಸಿಯಂನಲ್ಲಿ ಗಾಜಿನ ಒಳಗೆ ಇಡುತ್ತಾರೆ.

ದಾಂಡೇಲಿಹುಡುಗ:
ಹುಡುಕಿದೆ. ಗೋಣಿಚೀಲದಲ್ಲಿ ಸುತ್ತಿ, ಹಳೇ ತಕ್ಕಡಿ ಕೆಳಗೆ ಇತ್ತು. ಹಿಡಿ ಗೆದ್ದಲು ತಿಂದಿದೆ, ದೇವದಾರು ಅಲ್ಲವಲ್ಲ. ಕಬ್ಬಿಣದ ತಲೆ ಮಾತ್ರ ಗಟ್ಟಿ, ಎರಡು ಕಿಲೋ ತೂಗಬಹುದು. ಒಂದು ಮುಖದಲ್ಲಿ ಅಜ್ಜನ ಇನಿಷಿಯಲ್ ಎರಡು ಅಕ್ಷರ, ಸುತ್ತ ಒಂದು ವೃತ್ತ. ಅಕ್ಷರ ಉಲ್ಟಾ ಇವೆ. ಮೊದಲು ಏನೋ ಹಾಳಾಗಿದೆ ಅಂದುಕೊಂಡೆ. ಆಮೇಲೆ ಹೊಳೆಯಿತು, ಮರದ ಮೇಲೆ ಹೊಡೆದಾಗ ಮಾತ್ರ ನೆಟ್ಟಗೆ ಕಾಣಬೇಕು.

ಹೊಸ ಹಿಡಿ ಹಾಕಿ ಬಚ್ಚಲು ಒಲೆಯ ಸೌದೆಗೆ ಒಂದು ಏಟು ಹೊಡೆದು ನೋಡಿದೆ. ಸರಿಯಾಗಿ ಬಿತ್ತು. ಅಮ್ಮ ಒಳಗಿನಿಂದ "ಯಾರೋ ಅದು, ಏನು ಒಡೀತಾ ಇದ್ದೀರಿ" ಅಂತ ಕೂಗಿದರು. ಬಂದು ನೋಡಿ, ಆ ಸೌದೆಯನ್ನು ಒಲೆಗೆ ಹಾಕಬೇಡ ಅಂದರು. ಫೋಟೋ ನಾಳೆ ಬೆಳಕಲ್ಲಿ ತೆಗೆದು ಹಾಕುತ್ತೇನೆ.